ಭಾವ ಕುಡಿಯಬಾರದ ಎಳನೀರು

ಎಳನೀರು ಕುಡಿದು ಯಾರಾದರೂ ಸಾಯುತ್ತಾರೆಯೇ ಎಂದು ನಮ್ಮ ಮದ್ದೂರಿನಲ್ಲಿ ಕೇಳಿದರೆ, ಕೇಳಿದವನಿಗೇ ತಲೆ ಕೆಟ್ಟಿದೆ ಎನ್ನುತ್ತಾರೆ. ಹೋದ ಏಪ್ರಿಲ್‌ವರೆಗೆ ನಾನೂ ಹಾಗೇ ಅನ್ನುತ್ತಿದ್ದೆ. ಹದಿನೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ನಾಚಿಕೆಯಾಗಬೇಕು.

ನನ್ನ ಅಕ್ಕ ಬೆಟ್ಟಮ್ಮನ ಗಂಡ ಅಂಕಯ್ಯ ಎಳನೀರು ಮಂಡಿಯಲ್ಲಿ ರುಚಿ ನೋಡುವವನು. ಅಂಥದ್ದೊಂದು ಕೆಲಸವೇ ಇದೆಯೆಂದಲ್ಲ. ಕಾಯಿ ಇಳಿಸಲು ಹೋದವನ ನಾಲಿಗೆಯನ್ನು ವ್ಯಾಪಾರಿಗಳು ನಂಬತೊಡಗಿದರು, ಅಷ್ಟೆ. ಚಿಕ್ಕರಸಿನಕೆರೆ ಕಡೆಯಿಂದ ಗಾಡಿ ಬಂದರೆ ಭಾವ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ, ಮಚ್ಚಿನಿಂದ ಮೂರೇ ಏಟಿಗೆ ಕೆತ್ತುತ್ತಿದ್ದ, ಗುಟುಕು ಕುಡಿದು, "ಸಿಹಿ ಅದೆ, ಇಳ್ಸ್ರುಲಾ" ಎನ್ನುತ್ತಿದ್ದ. ಗುಟುಕು ಅನ್ನುವುದು ಮಾತಿಗೆ. ಕೆತ್ತಿದ ಕಾಯಿ ಬಿಸಾಡಲು ಮನಸ್ಸಾಗದೆ ಪೂರ್ತಿ ಕುಡಿಯುತ್ತಿದ್ದ. ದಿನಕ್ಕೆ ಎಂಟು, ಹತ್ತು.

ಸಕ್ಕರೆ ಕಾಯಿಲೆಯಿಂದ ಅವನ ಕಿಡ್ನಿ ಸೋತಿದೆ ಎಂದು ಆ ಏಪ್ರಿಲ್‌ಗೆ ಒಂದು ವರ್ಷ ಮುಂಚೆಯೇ ಗೊತ್ತಾಗಿತ್ತು. ಎಳನೀರು ಮುಟ್ಟಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಂದವನು ನನ್ನ ಹತ್ತಿರ, "ಎಳ್ನೀರ್ ಬ್ಯಾಡ ಅಂತಾರೆ ಕಣಯ್ಯ ಮೇಷ್ಟ್ರೆ. ತಾಯಿ ಆಲು ಬ್ಯಾಡ ಅಂದಂಗಾಯ್ತು" ಎಂದ. ನಾನೂ ನಕ್ಕೆ. ಅವನು ಕುಡಿಯುವುದನ್ನು ಬಿಡಲಿಲ್ಲ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಏಪ್ರಿಲ್‌ನ ಒಂದು ಭಾನುವಾರ ಕಾಯಿ ರಾಶಿಯ ಪಕ್ಕ ಕುಳಿತ ಭಾವ ಏಳಲಿಲ್ಲ. "ಕಾಲು ನಂದೇ ಅಲ್ಲ ಅನ್ನಂಗಾಗದೆ" ಎಂದ. ಬಿಸಿಲು ಬಡಿದಿದೆ ಎಂದರು ಎಲ್ಲರೂ. ಅಲ್ಲೇ ಇದ್ದ ನಾನು ಮಾಡಿದ್ದೇನು? ಎರಡು ಎಳನೀರು ಕೆತ್ತಿಸಿ, ಅವನ ತಲೆ ಹಿಡಿದು, ಕೈಯಾರೆ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕೈಯೂ ಸೋತಿತು, ನಾಡಿ ನಿಧಾನವಾಯಿತು. ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಓಡಿದೆವು.

ಹೃದಯದ ಗ್ರಾಫ್ ನೋಡಿದ ಡಾಕ್ಟರಮ್ಮ ತಡಮಾಡದೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು. ಭಾವ ಸ್ವಲ್ಪ ಚೇತರಿಸಿಕೊಂಡ ಮೇಲೆ ನನ್ನನ್ನು ಕೂರಿಸಿ ವಿವರಿಸಿದರು. ಪೊಟ್ಯಾಸಿಯಂ ಜೀವಕೋಶದ ಒಳಗೆ ಹೆಚ್ಚು, ಹೊರಗೆ ಕಡಿಮೆ ಇರಬೇಕು. ಆ ವ್ಯತ್ಯಾಸ ಇದ್ದರೇ ನರ ಸುದ್ದಿ ಸಾಗಿಸುವುದು, ಸ್ನಾಯು ಮಿಡಿಯುವುದು. ಎಳನೀರಿನ ತುಂಬ ಪೊಟ್ಯಾಸಿಯಂ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ರಕ್ತದಲ್ಲಿ ಅದು ಏರಿದಂತೆ ವ್ಯತ್ಯಾಸ ಕುಗ್ಗುತ್ತದೆ. ಕೋಶ ಮೊದಲು ಸಣ್ಣದಕ್ಕೂ ರೇಗುತ್ತದೆ, ಆಮೇಲೆ ಎಷ್ಟು ಕರೆದರೂ ಓಗೊಡುವುದಿಲ್ಲ. "ಹೃದಯವೂ ಸ್ನಾಯುವೇ ಅಲ್ವಾ ಸರ್?" ಎಂದರು. ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ನಾನೇ ಬರೆಯುವ ವಾಕ್ಯ ಅದು.

ಮೂರನೇ ದಿನ ಭಾವ ಎದ್ದು ಕುಳಿತ. ಸರಿ, ನೆಂಟರು ಬರತೊಡಗಿದರು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದಲ್ಲ! ಸಂಜೆಯೊಳಗೆ ಮಂಚದ ಕೆಳಗೆ ಹನ್ನೊಂದು ಎಳನೀರು. ನಾನು ಒಂದನ್ನು ಎತ್ತಿ ಆಚೆ ಇಟ್ಟರೆ ಇನ್ನೊಬ್ಬರು ಎರಡು ತರುತ್ತಿದ್ದರು. ಹೇಳಿ ಹೇಳಿ ಸಾಕಾಗಿ, "ನೋಡಕ್ ಬಂದಿದ್ದೀರೋ ಕೊಲ್ಲಕ್ ಬಂದಿದ್ದೀರೋ?" ಎಂದು ಕಿರುಚಿದೆ.

ಅಕ್ಕ ಮೆಲ್ಲಗೆ ಹೇಳಿದಳು: "ಅವ್ರ್ ಮ್ಯಾಲ್ ಯಾಕ್ಲಾ ಆರಾಡೀಯ? ಓದ್ದೋನು, ನೀನೇ ಅಲ್ವಾ ಕುಡ್ಸಿದ್ದು?"

ನಾನು ಹೋಗಿ ವರಾಂಡದಲ್ಲಿ ನಿಂತೆ.

ಭಾವ ಈಗ ಮತ್ತೆ ಮಂಡಿಗೆ ಹೋಗುತ್ತಾನೆ. ಮನೆಯಲ್ಲಿ ಕೂರು ಎಂದರೆ ಕೇಳುವ ಜಾತಿಯಲ್ಲ. ಹೋದ ವಾರ ನಾನೂ ಹೋಗಿದ್ದೆ. ಗಾಡಿಯಿಂದ ಒಂದು ಕಾಯಿ ಎತ್ತಿದ, ಅಲ್ಲಾಡಿಸಿದ, ಮೂರೇ ಏಟಿಗೆ ಕೆತ್ತಿದ. ಬಾಯಿಯವರೆಗೆ ತಂದು, ತಡೆದು, ನನ್ನ ಕೈಗಿಟ್ಟ.

"ಕುಡ್ದು ಯೋಳು ಮೇಷ್ಟ್ರೆ, ಎಂಗದೆ?"

ಕಲ್ಲುಸಕ್ಕರೆ ಕದಡಿದಂಥ ನೀರು. ಅವನು ಸುಮ್ಮನೆ ಉಗುಳು ನುಂಗುತ್ತಿದ್ದ. "ಸಪ್ಪೆ ಭಾವ" ಎಂದೆ.

"ಸುಳ್ ಯೋಳ್ಬ್ಯಾಡ ಕಣ್ಲಾ. ವಾಸ್ನೇಲೇ ಗೊತ್ತಾಯ್ತದೆ ನಂಗೆ. ಕೊಡಿಲ್ಲಿ, ಒಂದ್ ಗುಟುಕು. ಒಂದೇ."

ಕೈ ಚಾಚಿದ. ನಾನು ಅವನಿಗೆ ಬೆನ್ನು ತಿರುಗಿಸಿ, ಕೊನೆಯ ಹನಿಯವರೆಗೂ ಕುಡಿದುಬಿಟ್ಟೆ.