ಮರಡಿಯ ಮೇಲಿನ ಹಸಿರು ಚೌಕಗಳು

ಉಪಗ್ರಹದ ಚಿತ್ರದಲ್ಲಿ ನಮ್ಮ ಜಿಲ್ಲೆಯೆಂದರೆ ಸಣ್ಣ ಸಣ್ಣ ಚೌಕಗಳ ರಾಶಿ. ಯಾವ ಚೌಕ ಗದ್ದೆ, ಯಾವುದು ಗಿಡಮರ, ಯಾವುದು ಬೀಳು ಎಂದು ಬಣ್ಣ ಹಚ್ಚಿ ನಕ್ಷೆ ಮಾಡುವುದು ನನ್ನ ಕೆಲಸ. ಕೊಪ್ಪಳದಲ್ಲಿ ಬಾಡಿಗೆಯ ಕೋಣೆ, ಕಚೇರಿಯಲ್ಲಿ ಒಂದು ಕಂಪ್ಯೂಟರ್. ನನ್ನ ಸಂಸಾರ ಇವೆರಡರ ನಡುವೆ ಮುಗಿದುಹೋಗುತ್ತದೆ. ಐವತ್ತರ ಹತ್ತಿರ ಬಂದ ಒಂಟಿ ಹೆಂಗಸಿಗೆ ಕೋಣೆ ಕೊಟ್ಟದ್ದೇ ದೊಡ್ಡ ಉಪಕಾರ ಎಂಬಂತೆ ಮನೆಯ ಮಾಲೀಕರು ನಡೆದುಕೊಳ್ಳುತ್ತಾರೆ. ನಾನೂ ಮುಖ ಗಂಟು ಹಾಕಿಕೊಂಡೇ ಮೆಟ್ಟಿಲು ಹತ್ತುತ್ತೇನೆ.

ಕಂಪ್ಯೂಟರ್ ಬಣ್ಣ ನೋಡಿ ಊಹಿಸುತ್ತದೆ, ಆಗಾಗ ಎಡವುತ್ತದೆ. ಭತ್ತದ ಗದ್ದೆಯ ನಡುವಿನ ಒಂದು ಚೌಕವನ್ನು ಬಂಡೆ ಎಂದುಬಿಡುತ್ತದೆ. ಆಗ ನಾವು ಅಕ್ಕಪಕ್ಕದ ಚೌಕಗಳನ್ನು ಕೇಳುತ್ತೇವೆ. ಹತ್ತಿರದವು ಒಂದೇ ತರಹ ಇರುತ್ತವೆ ಎಂಬ ನಂಬಿಕೆಯ ಮೇಲೆ ನಮ್ಮ ಲೆಕ್ಕ ನಿಂತಿದೆ. ಸುತ್ತಲಿನವೆಲ್ಲ ಭತ್ತವೆಂದರೆ ನಡುವಿನದನ್ನೂ ಭತ್ತ ಮಾಡುತ್ತೇವೆ. ಗಂಗಾವತಿಯ ಕಾಲುವೆ ಬಯಲಿನಲ್ಲಿ ಇದು ಸೊಗಸಾಗಿ ನಡೆಯಿತು. ಅದೇ ಲೆಕ್ಕವನ್ನು ಇಡೀ ಜಿಲ್ಲೆಗೆ ಹಾಕಿದೆವು. ನಕ್ಷೆ ತೊಳೆದಿಟ್ಟಂತಾಯಿತು, ಮೇಲಧಿಕಾರಿ ಮೆಚ್ಚಿದರು. ಒಂಟಿಯಾಗಿ ನಿಂತದ್ದೆಲ್ಲ ತಪ್ಪು ಎನ್ನುವ ಆ ಲೆಕ್ಕ ನನಗೆ ಮಾತ್ರ ಒಳಗೊಳಗೇ ಚುಚ್ಚುತ್ತಿತ್ತು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ನಕ್ಷೆ ಸರಿಯೇ ಎಂದು ಪರೀಕ್ಷಿಸಲು ಚೀಟಿ ಎತ್ತಿದ ಹಾಗೆ ಕೆಲವು ಜಾಗಗಳನ್ನು ಆರಿಸುತ್ತೇವೆ. ಅಲ್ಲಿಗೇ ಹೋಗಿ ನಿಂತು ನಾಲ್ಕೂ ದಿಕ್ಕಿಗೆ ಒಂದೊಂದು ಫೋಟೊ ತೆಗೆಯಬೇಕು. ಅದರಲ್ಲಿ ಮನುಷ್ಯರು ಬರಬಾರದೆಂಬುದು ನಿಯಮ. ಚಳಿಗಾಲದ ಮಧ್ಯಾಹ್ನ ಉತ್ತರಕ್ಕೆ ತಿರುಗಿದರೆ ನನ್ನ ನೆರಳು ಮುಂದೆ ಬಿದ್ದಿರುತ್ತದೆ. ಅದೂ ಬಾರದಂತೆ ಫೋನನ್ನು ಎತ್ತಿ ಹಿಡಿಯುತ್ತೇನೆ.

ಆ ಸಲ ಯಲಬುರ್ಗಾ ಕಡೆಯ ಒಂದು ಮರಡಿ, ಅಂದರೆ ಕಲ್ಲುಮಣ್ಣಿನ ದಿಬ್ಬ, ಪರೀಕ್ಷೆಗೆ ಬಂದಿತ್ತು. ನಕ್ಷೆಯ ಪ್ರಕಾರ ಅಲ್ಲಿ ಏನೂ ಇಲ್ಲ. ಅಂದು ಎಳ್ಳಮಾವಾಸ್ಯೆ. ಜೀಪಿನ ಚಾಲಕ ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಅಡುಗೆಯ ಎಡೆ ಕೊಡಲು, ರಜೆ ಹಾಕಿದ್ದ. ನನ್ನನ್ನು ಯಾರೂ ಯಾವ ಹೊಲಕ್ಕೂ ಕರೆದಿರಲಿಲ್ಲ, ಹಾಗಾಗಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಟ್ರ್ಯಾಕ್ಟರುಗಳ ತುಂಬ ಹೊಸ ಸೀರೆ, ಬುತ್ತಿಯ ಗಂಟು, ನಗು. ನಾನು ಕಿಟಕಿಯಿಂದ ಮುಖ ತಿರುಗಿಸಿಕೊಂಡೆ. ಹೊಟ್ಟೆಕಿಚ್ಚು, ಇನ್ನೇನು.

ಮರಡಿ ಹತ್ತಿದರೆ, ಏನೂ ಇಲ್ಲದ ಜಾಗದಲ್ಲಿ ಬಾರಿ ಎಂದು ಇಲ್ಲಿ ಕರೆಯುವ ಬೋರೆ ಗಿಡಗಳ ಗುಂಪೊಂದು ಹಣ್ಣಿನ ಭಾರಕ್ಕೆ ಬಾಗಿ ನಿಂತಿತ್ತು. ಗುಡಿಸಲಿನ ಮುಂದೆ ಒಬ್ಬ ಮುದುಕಿ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದಳು. ಗಂಡ ತೀರಿದ ಮೇಲೆ ಮೈದುನರು ತಮ್ಮ ಹೊಲಕ್ಕೆ ಕರೆಯುವುದನ್ನು ಬಿಟ್ಟಿದ್ದರಂತೆ. ದನ ಮೇಯಲು ಬಿಟ್ಟ ಸರಕಾರದ ಈ ಗಾಯರಾಣಕ್ಕೆ ಕೊಡದಲ್ಲಿ ನೀರು ಹೊತ್ತು ಆ ಗಿಡ ಬೆಳೆಸಿದ್ದಳು. ಹಣ್ಣು ಮಾರಿದರೇ ಊಟ. ಈಗ ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸುವವರು ಅಲ್ಲಿ ದಾರಿ ಮಾಡಲು ಬಂದಿದ್ದರು. ನಕ್ಷೆಯಲ್ಲಿ ಗಿಡಮರವಿದ್ದರೆ ಬಳಸಿ ಹೋಗಬೇಕು, ಖಾಲಿಯಿದ್ದರೆ ನೇರ. ಸುತ್ತಲಿನ ಬೀಳು ನೋಡಿ ಗಿಡಗಳನ್ನು ಅಳಿಸಿದ್ದ ನಮ್ಮ ನಕ್ಷೆಯ ಕರಡು ಅವರ ಕೈ ಸೇರಿತ್ತು. ಗಿಡಗಳ ಬುಡದಲ್ಲೇ ಸುಣ್ಣದ ಗೆರೆ ಬಿದ್ದಿತ್ತು.

“ಕಣ್ಣ ಮುಂದ ನಿಂತಾವ, ಕಾಗದದಾಗ ಇಲ್ಲ ಅಂತಾರ” ಎಂದಳು. ನಾನು ಯಾರೆಂದು ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಫೋಟೊ ತೆಗೆಯುವಾಗ ತಾನೂ ಬರಲೇ ಎಂದು ಕೇಳಿದಳು. ನಿಯಮ ಹೇಳಿದೆ. ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು. ಆಮೇಲೆ ಒಂದು ತಂಬಿಗೆ ನೀರು ತಂದು ನನ್ನ ಕೈಗಿಟ್ಟಳು. ಚರಗ ಚೆಲ್ಲಲು ಇಬ್ಬರು ಬೇಕು: ಮುಂದಿನವರು ಅಡುಗೆಯನ್ನು ಸುತ್ತಲೂ ಚೆಲ್ಲುತ್ತ ಭೂಮಿತಾಯಿಯನ್ನು ಕೂಗಿ ಕರೆಯಬೇಕು, ನೀರು ಚಿಮುಕಿಸುತ್ತ ಹಿಂದೆ ಬರುವವರು ಓಗೊಡಬೇಕು.

“ಒಬ್ಬಾಕಿ ಕೂಗಿದ್ರ ಚರಗ ಆಗಂಗಿಲ್ಲ ಯವ್ವಾ. ನೀ ನನ್ನ ಹಿಂದ ಬಾ.”

ಅವಳು ಕೂಗಿದಳು. ನನಗೆ ದನಿ ಹೊರಡಲಿಲ್ಲ. ರವಿವಾರ ಬಂತೆಂದರೆ ಯಾರೊಂದಿಗೂ ಒಂದು ಮಾತಾಡದೆ ಮಲಗುವ ಗಂಟಲು ಅದು. ಅವಳು ಅಲ್ಲೇ ನಿಂತಳು, ತಿರುಗಿ ನೋಡಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕೊನೆಗೆ ನಾನು ಓಗೊಟ್ಟೆ. ಆಗ ಹೆಜ್ಜೆ ಇಟ್ಟಳು. ಸುತ್ತು ಮುಗಿಸಿ ಸಜ್ಜಿ ರೊಟ್ಟಿ, ಪುಂಡಿಪಲ್ಯ ತಿಂದೆವು.

ಕೊಪ್ಪಳಕ್ಕೆ ಬಂದು ಲೆಕ್ಕವನ್ನು ಬಿಚ್ಚಿ ಕುಳಿತೆ. ಕಾಲುವೆ ಬಯಲಿನಲ್ಲಿ ನೆರೆಯ ಚೌಕದ ಮಾತು ನಂಬಬಹುದು. ಮರಡಿಗಳಲ್ಲಿ ಗಿಡ ನಿಲ್ಲುವುದೇ ಒಂಟಿಯಾಗಿ. ಅಲ್ಲಿ ನೆರೆಯ ಮಾತಿಗೆ ಅಷ್ಟು ತೂಕ ಸಲ್ಲದು. ಎಲ್ಲೆಲ್ಲಿ ನಕ್ಷೆ ಎಷ್ಟು ತಪ್ಪುತ್ತದೆ ಎಂದು ಅಳೆದು, ಜಾಗಕ್ಕೆ ತಕ್ಕಂತೆ ಆ ತೂಕ ಬದಲಿಸಿದೆ. ಹಸಿರು ಚುಕ್ಕೆಗಳು ಮರಳಿ ಬಂದವು. ನಕ್ಷೆಗೆ ದಡಾರ ಎದ್ದ ಹಾಗಿದೆ ಎಂದು ಮೇಲಧಿಕಾರಿ ನಕ್ಕರು. ನಾನು ನಗಲಿಲ್ಲ. ಕುಷ್ಟಗಿ, ಹನುಮಸಾಗರದ ಬಿಸಿಲಲ್ಲಿ ಅಲೆದು ಇನ್ನಷ್ಟು ಜಾಗ ನೋಡಿ ಬಂದೆ. ಹೊಸ ನಕ್ಷೆ ಹಳೆಯದಕ್ಕಿಂತ ನಿಜವೆಂದು ಆಮೇಲೆ ಅವರೂ ಒಪ್ಪಿದರು. ಅದು ತಾಲೂಕಿಗೆ ಹೋಯಿತು. ಮುಂದೇನಾಯಿತೆಂದು ನನಗೆ ಯಾರೂ ತಿಳಿಸಲಿಲ್ಲ.

ಮರುವರ್ಷದ ಎಳ್ಳಮಾವಾಸ್ಯೆಗೆ ಕೋಣೆಯಲ್ಲಿ ಕುಳಿತಿರಲಾಗಲಿಲ್ಲ. ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸಿ ಹೊರಟಾಗ ಬಿಸಿಲೇರಿತ್ತು. ಮರಡಿಯ ಹೊಸ ದಾರಿ ಗಿಡಗಳ ಹತ್ತಿರ ಬಂದು, ಬಳಸಿಕೊಂಡು ಆಚೆ ಇಳಿದಿತ್ತು. ಕಣ್ಣು ತುಂಬಿ ಬಂತು.

ಹೊತ್ತು ಇಳಿಯುತ್ತಿತ್ತು. ಕೆಳಗಿನ ಹೊಲಗಳಲ್ಲಿ ಊಟ ಮುಗಿಸಿದವರು ಟ್ರ್ಯಾಕ್ಟರು ಹತ್ತುತ್ತಿದ್ದರು. ಮುದುಕಿ ಗಿಡದ ನೆರಳಿನಲ್ಲಿ ಕುಳಿತಿದ್ದಳು. ಬುತ್ತಿಯ ಗಂಟು ಇನ್ನೂ ಬಿಚ್ಚಿರಲಿಲ್ಲ. ಪಕ್ಕದಲ್ಲಿ ನೀರು ತುಂಬಿದ ತಂಬಿಗೆ ಇತ್ತು.

“ಭಾಳ ತಡಾ ಮಾಡಿದೆಲ್ಲ ಯವ್ವಾ” ಎಂದಳು.

ನಾನು ಬರುತ್ತೇನೆಂದು ಅವಳಿಗೆ ಹೇಳಿರಲಿಲ್ಲ.