ಎದೆ ಅಲುಗದ ಒಂಬತ್ತು ದಿನ

ನನ್ನ ಯಜಮಾನರು ಸುರಪುರದಲ್ಲಿ ಪಂಪ್ ರಿಪೇರಿ ಮಾಡುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ದಂಡೆಯುದ್ದಕ್ಕೂ ಮೋಟಾರು ಕೂತಿದ್ದವು. ಅವರಿಗೆ ಪುರಸೊತ್ತೇ ಇರಲಿಲ್ಲ. ನಾನು ಪ್ರಾಥಮಿಕ ಶಾಲೆಯ ಟೀಚರ್. ಮನೆಯಲ್ಲಿ ನಾವಿಬ್ಬರೇ.

ಅವತ್ತು ದೇವಾಪುರದ ಹತ್ತಿರ ಪಂಪಿನ ಪೈಪು ಎತ್ತುವಾಗ, ಪಾಚಿ ಹಿಡಿದ ಸಿಮೆಂಟಿನ ಇಳಿಜಾರಿನಲ್ಲಿ ಕಾಲು ಜಾರಿ ಕಾಲುವೆಗೆ ಬಿದ್ದರು. ಈಜು ಬರುತ್ತಿರಲಿಲ್ಲ. ಎರಡು ಸಲ ಮುಳುಗಿದರಂತೆ. ಪಕ್ಕದ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದ ಕೂಲಿ ಹೆಣ್ಣುಮಗಳೊಬ್ಬಳು ಓಡಿಬಂದು, ಹಗ್ಗ ಎಸೆದು, ಒಬ್ಬಳೇ ಎಳೆದು ದಂಡೆಗೆ ಹಾಕಿದಳು.

ಸಂಜೆ ತಾವೇ ಬೈಕ್ ಹೊಡೆದುಕೊಂಡು ಮನೆಗೆ ಬಂದರು.

“ಕಾಲುವಿ ನೀರಿಲೇ ಹೊಟ್ಟಿ ತುಂಬ್ಯದ. ಇವತ್ತ ರೊಟ್ಟಿ ಮಾಡಬ್ಯಾಡ,” ಎಂದು ನಕ್ಕರು. ನಾನೂ ನಕ್ಕೆ. ಕೆಮ್ಮು ಇತ್ತು. ಮೂಗಿಗೆ ನೀರು ಹೋದರೆ ಕೆಮ್ಮು ಬಂದೇ ಬರುತ್ತದೆ ಎಂದು ಕಷಾಯ ಕೊಟ್ಟೆ. ಅಷ್ಟರಲ್ಲೇ ನಾನು ತೃಪ್ತಿಪಟ್ಟುಕೊಂಡದ್ದನ್ನು ಇವತ್ತಿಗೂ ನನಗೆ ನಾನೇ ಮನ್ನಿಸಿಕೊಂಡಿಲ್ಲ.

ಬೆಳಿಗ್ಗೆ ತುಟಿ ನೀಲಿಗಟ್ಟಿದ್ದವು. ಬಾಡಿಗೆ ಕಾರು ಮಾಡಿ ಹೊರಟೆವು. ಶಹಾಪುರ ದಾಟುವಷ್ಟರಲ್ಲಿ ಅವರ ಮಾತು ನಿಂತಿತು. ಯಾದಗಿರಿಯ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರ್ ಹಚ್ಚಿದರು. ಯಂತ್ರ ಗಾಳಿ ತುಂಬುತ್ತಲೇ ಇತ್ತು, ರಕ್ತಕ್ಕೆ ಮಾತ್ರ ಅದು ಸೇರುತ್ತಿರಲಿಲ್ಲ. ಮೂರನೆಯ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದರು.

“ಹೊಲಸು ನೀರು ಒಳಗ ಹೋಗಿ ಪುಪ್ಪುಸ ಗಟ್ಟಿ ಆಗ್ಯಾವ್ರಿ. ಹೈದರಾಬಾದಿನಾಗ ಇನ್ನೊಂದು ಮಷೀನ್ ಅದ. ಪುಪ್ಪುಸದ ಕೆಲಸ ಅದಽ ಮಾಡತದ. ಅಷ್ಟು ದಿನದಾಗ ಇವು ಸುಧಾರಿಸಿದ್ರ ನಮ್ಮ ಪುಣ್ಯ.”

ಹೈದರಾಬಾದಿನಲ್ಲಿ ಕುತ್ತಿಗೆಗೊಂದು, ತೊಡೆಗೊಂದು ದಪ್ಪ ಕೊಳವೆ ಹಾಕಿದರು. ಒಂದರಲ್ಲಿ ರಕ್ತ ನೇರಳೆ ಹಣ್ಣಿನಂತೆ ಕಪ್ಪಗೆ ಹೊರಬರುತ್ತಿತ್ತು. ಯಂತ್ರದಲ್ಲಿ ಹಾದು, ಇನ್ನೊಂದರಲ್ಲಿ ಕೆಂಪಗೆ ಒಳಹೋಗುತ್ತಿತ್ತು. ಎದೆ ಅಲುಗುವುದೇ ಕಾಣುತ್ತಿರಲಿಲ್ಲ. ಮೊದಲ ದಿನ ಹೆದರಿ ಕೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಆ ಯಂತ್ರ ಹಚ್ಚಿದ ಆರನೆಯ ದಿನ ನಿದ್ದೆಯ ಔಷಧ ಕಡಿಮೆ ಮಾಡಿದರು. ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು. ಆಮೇಲೆ ನೋಟ ಗುಂಯ್‌ಗುಡುತ್ತಿದ್ದ ಯಂತ್ರದ ಕಡೆ ಹೋಯಿತು.

“ಪಂಪ್ ರೀ ಅದು,” ಅಂದೆ. “ನಿಮ್ಮ ರಕ್ತಕ್ಕ ಗಾಳಿ ಕೂಡಿಸಿ ಬಿಡಾಕತ್ತದ.”

ಹುಬ್ಬು ಸ್ವಲ್ಪ ಮೇಲೇರಿತು. ಕೆಲಸ ಪಸಂದಾದಾಗ ಅವರು ಹಾಗೆ ಮಾಡುತ್ತಿದ್ದರು. ನನ್ನ ಅಂಗೈ ಎಳೆದುಕೊಂಡು ಬೆರಳಿನಿಂದ ನಿಧಾನವಾಗಿ ಬರೆದರು: ‘ಆಕಿ’. ಯಾರೆಂದು ತಿಳಿಯಲು ಕ್ಷಣ ಹಿಡಿಯಿತು.

“ನಿಮ್ಮನ್ನ ಎಳದ್ಲಲ್ಲ, ಆಕೀನಾ?”

ಕಣ್ಣು ಮುಚ್ಚಿ ತೆರೆದರು.

“ಊರಿಗೆ ಹೋದ ಮ್ಯಾಲ ಇಬ್ಬರೂ ಹೋಗಿ ಮಾತಾಡ್ಸೂಣು.”

ಎಂಟನೆಯ ದಿನ ಮಿದುಳಿನೊಳಗೆ ರಕ್ತ ಸೋರಿತು. ಈ ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡಲೇಬೇಕು. ಅದರಿಂದ ಹೀಗಾಗುವುದುಂಟು ಎಂದು ಮೊದಲೇ ತಿಳಿಸಿದ್ದರು. ಮರುದಿನ ಅಲ್ಲಿನ ಡಾಕ್ಟರು ನನ್ನೆದುರು ಕೂತು, ಇನ್ನು ಅವರು ಎಚ್ಚರಾಗುವುದಿಲ್ಲ, ಪುಪ್ಪುಸವೂ ತೆರೆದಿಲ್ಲ, ಯಂತ್ರ ನಿಲ್ಲಿಸಲು ನಿಮ್ಮ ಒಪ್ಪಿಗೆ ಬೇಕು ಎಂದರು. ಸಹಿ ಮಾಡುವಾಗ ನನ್ನ ಹೆಸರಿನ ಕಾಗುಣಿತ ತಪ್ಪಿತು. ದಿನಾ ಮಕ್ಕಳಿಗೆ ಕಾಗುಣಿತ ತಿದ್ದುವವಳು ನಾನು.

ಯಂತ್ರಕ್ಕೆ ಗಾಳಿ ನಿಲ್ಲಿಸಿದಾಗ ಎರಡೂ ಕೊಳವೆ ಒಂದೇ ಕಪ್ಪು ಬಣ್ಣಕ್ಕೆ ತಿರುಗಿದವು. ನಾನು ಅವರ ಕೈ ಬಿಡಲಿಲ್ಲ.

ಮಣ್ಣು ಮಾಡಿ ಹದಿಮೂರು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಆ ಹೆಣ್ಣುಮಗಳು ತಾನೇ ಹುಡುಕಿಕೊಂಡು ಬಂದಳು. ಹೊಸ್ತಿಲ ಹೊರಗೇ ನಿಂತಳು.

“ಇನ್ನಾ ಲಗೂನ ಎಳೀಬೇಕಿತ್ತೇನ್ರಿ ಅಕ್ಕೋರೆ? ಮೊದಲ ಸಲ ಹಗ್ಗ ಅವರಿಗೆ ಸಿಗಲಿಲ್ರಿ. ಅದಽ ತಲ್ಯಾಗ ಕೊರ್ಯಾಕತ್ತದ.”

ಇಷ್ಟು ದಿನ ನಾನೊಬ್ಬಳೇ ಹೀಗೆ ಲೆಕ್ಕ ಹಾಕುತ್ತಿದ್ದೇನೆ ಎಂದುಕೊಂಡಿದ್ದೆ. ಅವಳನ್ನು ಒಳಗೆ ಕರೆದು, ನನ್ನ ಅಂಗೈ ತೋರಿಸಿ, ಅವರು ಬರೆದದ್ದನ್ನು ಹೇಳಿದೆ. ಅವಳಿಗೆ ಓದು ಬರುತ್ತಿರಲಿಲ್ಲ. “ಹೆಂಗ ಬರದ್ರು?” ಎಂದು ಕೇಳಿದಳು. ಅವಳ ಒರಟು ಅಂಗೈ ಹಿಡಿದು ಆ ಎರಡಕ್ಷರ ಬರೆದೆ. ಇನ್ನೊಮ್ಮೆ ಬರೀರಿ ಎಂದಳು. ಬರೆದೆ.