ಬ್ಯಾಟರಿ ಶೆಡ್ಡಿನ ಸುಣ್ಣದ ಗಡಿಗೆ

ನಮ್ಮವರದು ಕೈ ಮುಂದು, ಮಾತು ಹಿಂದು. ಮದುವೆಯಾಗಿ ಹೊನ್ನಾವರಕ್ಕೆ ಬಂದ ಹೊಸತರಲ್ಲೇ ಇದು ಗೊತ್ತಾಯಿತು. ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ ಕೆನ್ನೆಗೆ ಬಿತ್ತು. ಹೊಡೆದ ಗಂಡನನ್ನೂ ‘ಅವರು’ ಎನ್ನುವುದು ನಮ್ಮ ಕಾಲದ ಹೆಂಗಸರ ರೂಢಿ. ನಾನೂ ಹಾಗೇ ಅನ್ನುತ್ತೇನೆ. ಅದರಿಂದ ಏಟೇನೂ ಹಗುರಾಗುತ್ತಿರಲಿಲ್ಲ.

ಅದು ಯುದ್ಧದ ಕಾಲ. ಹೊಸ ಬ್ಯಾಟರಿ ಕಣ್ಣಿಗೆ ಬೀಳುತ್ತಿರಲಿಲ್ಲ. ಲಾರಿ, ಬಸ್ಸುಗಳ ಹಳೆಯ ಬ್ಯಾಟರಿಗಳನ್ನು ಕೊಂಡು, ಬಂದರಿನ ಹತ್ತಿರದ ಶೆಡ್ಡಿನಲ್ಲಿ ಎಣ್ಣೆ ಎಂಜಿನ್ ಓಡಿಸಿ ಚಾರ್ಜು ಮಾಡಿ, ಜೀವ ಉಳಿದವನ್ನು ನಮ್ಮವರು ಮಾರುತ್ತಿದ್ದರು. ಜೀವ ಇದೆಯೋ ಇಲ್ಲವೋ ನೋಡುವುದೇ ಕಸುಬು. ಗಾಜಿನ ನಳಿಗೆಯಲ್ಲಿ ಆಸಿಡ್ ಹೀರಿದರೆ ಒಳಗಿನ ಸಣ್ಣ ಗಾಜಿನ ಬುರುಡೆ ಮೇಲೆ ತೇಲಬೇಕು. ಆಮೇಲೆ ದಪ್ಪ ತಂತಿಯಿಂದ ಬ್ಯಾಟರಿಯ ಎರಡು ತುದಿ ಮುಟ್ಟಿಸಿ ಕಿಡಿ ನೋಡಬೇಕು. ಕೆಂಪಾಗಿ ಸತ್ತರೆ ಗುಜರಿಗೆ, ನೀಲಿಯಾಗಿ ಚಟ್ಟೆಂದರೆ ಮಾರಾಟಕ್ಕೆ. ಕೈ ಎಷ್ಟು ಒರಟೋ ಅವರ ಕಣ್ಣು ಅಷ್ಟು ಸೂಕ್ಷ್ಮ. ಆ ಕಣ್ಣಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು.

ಶೆಡ್ಡಿನ ಮೂಲೆಯಲ್ಲಿ ಒಂದು ಗಡಿಗೆ ಸುಣ್ಣ ಯಾವಾಗಲೂ ಇರುತ್ತಿತ್ತು. ನೆಲಕ್ಕೆ ಆಸಿಡ್ ಚೆಲ್ಲಿದರೆ ಅದರ ಮೇಲೆ ಸುಣ್ಣ ಹಾಕುವುದು. ಬುಸ್ಸೆಂದು ಆಸಿಡ್ ತಣ್ಣಗಾಗುತ್ತಿತ್ತು. ಸುಣ್ಣ ನನ್ನ ತವರಿನದೇ. ಕುಮಟೆಯ ಹತ್ತಿರದ ಬಾಡವೆಂಬ ಊರಿನಲ್ಲಿ ಅಪ್ಪ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ. ಅದು ಸಿಡಿದು ದೊಡ್ಡಪ್ಪನ ಎರಡೂ ಕಣ್ಣು ಬೇಯಿಸಿದ ಮೀನಿನ ಕಣ್ಣಿನ ಹಾಗೆ ಬೆಳ್ಳಗಾಗಿದ್ದವು. ಅವನ ಕೈ ಹಿಡಿದು ನಡೆಸುತ್ತ ಬೆಳೆದವಳು ನಾನು.

ಒಂದು ಬೇಸಿಗೆಯ ಬೆಳಿಗ್ಗೆ ಭಟ್ಕಳದ ಲಾರಿ ಡ್ರೈವರ್ ಒಬ್ಬ, ನಮ್ಮಲ್ಲಿ ಕೊಂಡಿದ್ದ ಬ್ಯಾಟರಿಯನ್ನು ದೋಣಿಯಲ್ಲಿ ಹೊಳೆ ದಾಟಿಸಿ ತಂದು ಬಾಗಿಲಲ್ಲಿ ಕುಕ್ಕಿದ. ಅವನ ತುಟಿ ಒಡೆದು ಬಾತಿತ್ತು. ಮುಟ್ಟಳ್ಳಿ ಹತ್ತಿರ ಲಾರಿ ಕೈಕೊಟ್ಟಿತೆಂದು ಅವನ ಸಾವ್ಕಾರ ಜನರೆದುರು ಬಾಯಿಗೆ ಬಾರಿಸಿದ್ದನಂತೆ.

“ಹೆಣ ಮಾರಿದ್ಯಲ್ಲ ಮಾರಾಯ,” ಎಂದ.

“ನೀರು ಹೊಯ್ಯದೆ ಕೊಂದವ ನೀನು. ಚಾರ್ಜಿಗೆ ಹಾಕ್ತೆ, ಕೂತ್ಕಂಡು ನೋಡು,” ಎಂದರು ನಮ್ಮವರು.

ನೀರು ತಂದ ನಾನು ಅಲ್ಲೇ ನಿಂತೆ. “ನಿಂಗೆಂತ ಕೆಲಸ ಇಲ್ಲಿ?” ಎಂದು ನನ್ನ ಕೆನ್ನೆಗೆ ಒಂದು ಬಿತ್ತು. ಸಾವ್ಕಾರನ ಸಿಟ್ಟು ಡ್ರೈವರನ ಮೇಲೆ, ಡ್ರೈವರನದು ನಮ್ಮವರ ಮೇಲೆ, ನಮ್ಮವರದು ನನ್ನ ಮೇಲೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮ ಮನೆಯ ಕೊತ್ತಿ ನಾನೇ.

ಹೊತ್ತು ಇಳಿಯುವಷ್ಟರಲ್ಲಿ ಬ್ಯಾಟರಿಯೊಳಗೆ ಗುಳುಗುಳು ಎದ್ದಿತ್ತು. ನಮ್ಮವರು ಎಂಜಿನ್ ನಿಲ್ಲಿಸಿ, ನಳಿಗೆಯಲ್ಲಿ ಹೀರಿ, ತೇಲಿದ ಬುರುಡೆ ತೋರಿಸಿದರು. ಡ್ರೈವರ್ ಉಗುಳಿದ.

“ಮೇಲಿಂದ ಆಸಿಡ್ ಹೊಯ್ದ್ರೆ ಹೆಣವೂ ತೇಲ್ತದೆ. ಕಿಡಿ ತೋರ್ಸು.”

ಈಗಷ್ಟೇ ಚಾರ್ಜಾದ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗಾಳಿ ಏಳುತ್ತಿರುತ್ತದೆ. ಅದು ಹೋಗುವ ತನಕ ಕಿಡಿ ಹಾರಿಸಬಾರದೆಂದು ನನಗೆ ನೂರು ಸಲ ಹೇಳಿದವರು ಅವರೇ. “ತಡಿ,” ಎಂದರು. ಡ್ರೈವರ್ ಅವರ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದ. ನಮ್ಮವರು ಅವನ ಒಡೆದ ತುಟಿಗೇ ಗುದ್ದಿದರು. ಮತ್ತೆ ಆ ಸಿಟ್ಟಿನಲ್ಲೇ ತಂತಿ ಎತ್ತಿ, ಬಗ್ಗಿ, ಮುಟ್ಟಿಸಿದರು.

ತೋಪು ಹಾರಿದಂತಾಯಿತು. ಬ್ಯಾಟರಿಯ ಮುಚ್ಚಳ ಚೂರಾಗಿ ಹಂಚಿಗೆ ಹೊಡೆಯಿತು, ಆಸಿಡ್ ಅವರ ಮುಖಕ್ಕೆ ಹೊಡೆಯಿತು. “ಸುಣ್ಣ, ಸುಣ್ಣ,” ಎಂದು ಕಿರುಚುತ್ತ ಅವರು ಮೂಲೆಗೆ ಓಡಿದರು. ಕೈಗೆ ಅಭ್ಯಾಸವಾಗಿದ್ದು ಅದೊಂದೇ. ಶೆಡ್ಡಿಗೆ ತಾಗಿದ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ಓಡಿ ಬರುವಷ್ಟರಲ್ಲಿ ಎಡಗಣ್ಣಿಗೆ ಸುಣ್ಣ ತಿಕ್ಕಿಕೊಂಡು, ಬಲಗಣ್ಣಿಗೆಂದು ಇನ್ನೊಂದು ಮುಷ್ಟಿ ಎತ್ತಿದ್ದರು.

“ಬೇಡ, ಸುಣ್ಣ ಬೇಡ,” ಎಂದೆ. ನನ್ನ ಮಾತನ್ನು ಅವರು ಎಂದು ಕೇಳಿದ್ದರು? ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಅಲ್ಲೇ ಬಿದ್ದಿತ್ತು. ಎತ್ತಿ ಅವರ ಮಣಿಕಟ್ಟಿಗೆ ಹೊಡೆದೆ. ಎಲುಬು ಮುರಿದದ್ದು ಕಿವಿಗೆ ಕೇಳಿತು, ಸುಣ್ಣ ನೆಲಕ್ಕೆ ಬಿತ್ತು. ಮತ್ತೆ ಎತ್ತಿ ಹೆಗಲಿಗೆ ಹೊಡೆದೆ. ಅವರು ಮಂಡಿಯೂರಿದರು. ಜುಟ್ಟು ಹಿಡಿದು ಎಳೆದುಕೊಂಡು ಹೋಗಿ, ಎಂಜಿನ್ನಿಗೆಂದು ತುಂಬಿಟ್ಟಿದ್ದ ತಣ್ಣೀರಿನ ಪೀಪಾಯಿಯಲ್ಲಿ ಮುಖ ಅದ್ದಿದೆ; ಎತ್ತಿದೆ, ಮತ್ತೆ ಅದ್ದಿದೆ.

ಗಂಡನನ್ನು ಕೊಲ್ಲುತ್ತಿದ್ದೇನೆಂದು ತಿಳಿದು ಡ್ರೈವರ್ ನನ್ನ ರಟ್ಟೆ ಹಿಡಿದು ಎಳೆದ. ಅವನ ಕಾಲಿಗೆ ಒದ್ದೆ. “ಕಣ್ಣು ತೊಳೀತಿದ್ದೆ. ಬಾವಿಯಿಂದ ನೀರು ಸೇದು,” ಎಂದೆ. ಹೊಡೆಯಲು ಬಂದವನು ಕತ್ತಲಾಗುವ ತನಕ ನೀರು ಸೇದಿದ.

ಎಡಗಣ್ಣು ದೊಡ್ಡಪ್ಪನ ಕಣ್ಣಿನ ಹಾಗೆ ಬೆಳ್ಳಗಾಯಿತು. ಬಲಗಣ್ಣು ಉಳಿಯಿತು. ಮಣಿಕಟ್ಟು ಸೊಟ್ಟಗೆ ಕೂಡಿತು. ಅವರು ಉಳಿದ ಕಣ್ಣಿನಲ್ಲೇ ಕಿಡಿ ನೋಡಿ ಕಸುಬು ಮುಂದುವರಿಸಿದರು, ಕಿಡಿಯ ಲೆಕ್ಕ ತಪ್ಪಲಿಲ್ಲ. ಯಾರಾದರೂ ಕೇಳಿದರೆ “ಬ್ಯಾಟರಿ ಒಡೀತು,” ಎನ್ನುತ್ತಿದ್ದರು. ಕೈಯ ಸುದ್ದಿ ಎತ್ತುತ್ತಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಊಟಕ್ಕೆ ಕೂತವರು, ಸಾರು ಬಾಯಿಗಿಟ್ಟು ಮುಖ ಕಿವುಚಿ, ಆ ಸೊಟ್ಟ ಕೈ ಎತ್ತಿದರು. ನಾನು ಹಿಂದೆ ಸರಿಯಲಿಲ್ಲ. ಕೈ ಅಲ್ಲೇ ನಿಂತಿತು.

“ಮೊದ್ಲೇಟಿಗೇ ಸುಣ್ಣ ಬಿದ್ದಿತ್ತು. ಎರಡ್ನೇದು ಎಂತಕೆ?” ಎಂದು ಕೇಳಿದರು.

“ಅದು ನನ್ನ ಲೆಕ್ಕದ್ದು,” ಎಂದೆ.

ಅವರು ನನ್ನನ್ನೇ ನೋಡಿದರು, ಕಿಡಿ ನೋಡುವಾಗ ನೋಡುವಂತೆ. ಆಮೇಲೆ ಕೈ ಇಳಿಸಿ ಅನ್ನ ಕಲಸಿಕೊಂಡರು.